ಪಿಯೋನಿ ಹೂ ಬಿಡದಿದ್ದರೆ ಮೊದಲು ಬುಡದ ಮಣ್ಣು ಸರಿಸಿ ನೋಡಿ

ಚಳಿ ಪ್ರದೇಶದ ದೊಡ್ಡ ಹೂವಿನ ಗಿಡವಾದ ಪಿಯೋನಿಯನ್ನು ಬೆಳೆಸುವವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಗಿಡ ಚೆನ್ನಾಗಿದೆ, ಎಲೆ ದಟ್ಟವಾಗಿದೆ, ಹೂ ಮಾತ್ರ ಇಲ್ಲ. ಯಾವ ಗೊಬ್ಬರ ಹಾಕಲಿ?" ಗೊಬ್ಬರದ ಮಾತು ಆಮೇಲೆ. ಮೊದಲು ಬುಡದ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಸರಿಸಿ. ಗಡ್ಡೆಯ ತಲೆಯ ಮೇಲೆ ಕೆಂಪಗಿನ ಕಣ್ಣುಗಳು, ಅಂದರೆ ಮೊಳಕೆಗಳು, ಇರುತ್ತವೆ. ಅವು ಎರಡು ಇಂಚಿಗಿಂತ ಆಳದಲ್ಲಿದ್ದರೆ ಕಾರಣ ಅಲ್ಲೇ ಸಿಕ್ಕ ಹಾಗೆ. ಆಳ ಸರಿ ಇದ್ದೂ ಹೂ ಇಲ್ಲವೆಂದರೆ ನೆರಳು ಜಾಸ್ತಿ ಇರಬೇಕು, ಇಲ್ಲವೇ ಗಿಡಕ್ಕಿನ್ನೂ ವಯಸ್ಸಾಗಿಲ್ಲ. ಗೊಬ್ಬರ ಸಾಲದೆ ಹೂ ಬಿಡದ ಪಿಯೋನಿ ತುಂಬಾ ಅಪರೂಪ.

ಅದಕ್ಕೂ ಮುಂಚೆ ಚಳಿಯ ವಿಚಾರ ಇತ್ಯರ್ಥವಾಗಬೇಕು. ಚಳಿಗಾಲದಲ್ಲಿ ಈ ಗಿಡದ ಮೇಲ್ಭಾಗವೆಲ್ಲ ಒಣಗಿ, ಗಡ್ಡೆ ಮಾತ್ರ ಮಣ್ಣಿನೊಳಗೆ ಉಳಿಯುತ್ತದೆ. ಅದಕ್ಕೆ ವಾರಗಟ್ಟಲೆ 4-5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ತಂಪು ಸಿಗಬೇಕು. ಸಿಗದಿದ್ದರೆ ವಸಂತದಲ್ಲಿ ಬರೀ ಸೊಪ್ಪು ಬರುತ್ತದೆ, ಒಮ್ಮೊಮ್ಮೆ ಅದೂ ಬರುವುದಿಲ್ಲ. ಮೈನಸ್ 30 ಡಿಗ್ರಿಯನ್ನು ತಡೆದುಕೊಳ್ಳುವ ಗಡ್ಡೆ ಬೆಚ್ಚಗಿನ ಚಳಿಗಾಲಕ್ಕೆ ಸೋಲುತ್ತದೆ. ಬುಡಕ್ಕೆ ಐಸ್ ಕ್ಯೂಬ್ ಸುರಿಯಿರಿ ಎಂದು ಹೇಳುವವರಿದ್ದಾರೆ. ಅದರಿಂದ ಮೇಲ್ಮಣ್ಣು ಒಂದೆರಡು ಗಂಟೆ ತಣ್ಣಗಾಗುತ್ತದೆ, ಅಷ್ಟೇ. ವರ್ಷವಿಡೀ ಬೆಚ್ಚಗಿರುವ ಜಾಗದಲ್ಲಿ ಪಿಯೋನಿ ಬೇಡ. ದುಡ್ಡೂ ಹೋಗುತ್ತದೆ, ಮನಸ್ಸೂ ಮುದುಡುತ್ತದೆ. ಚಳಿ ಇದೆ, ಆದರೆ ಅಷ್ಟೇನೂ ಜೋರಿಲ್ಲ ಎನ್ನುವ ಕಡೆ ಬೇಗ ಅರಳುವ, ಎಸಳು ಕಡಿಮೆ ಇರುವ ತಳಿಗಳನ್ನು ಹಾಕಬಹುದು.

ಯಾವುದನ್ನು ತರುವುದು?

ಬಗೆ ಮೂರು. ಒಂದು, ಪ್ರತಿ ವರ್ಷ ನೆಲಮಟ್ಟಕ್ಕೆ ಒಣಗಿ ಮತ್ತೆ ಚಿಗುರುವ ಸಾಮಾನ್ಯ ಪಿಯೋನಿ. ಎರಡನೆಯದು ಟ್ರೀ ಪಿಯೋನಿ. ಹೆಸರಿನಲ್ಲಿ ಮರ ಇದ್ದರೂ ಅದೊಂದು ಪೊದೆ. ಅದರ ಕಡ್ಡಿ ಗಟ್ಟಿಯಾಗಿ ಚಳಿಗಾಲದಲ್ಲೂ ನಿಂತಿರುತ್ತದೆ. ಮೂರನೆಯದು ಇವೆರಡನ್ನೂ ಕೂಡಿಸಿದ ಇಟೋ ಪಿಯೋನಿ. ಇವೆರಡು ಬೆರೆಯುವುದೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಜಪಾನಿನ ತೋಯಿಚಿ ಇಟೋ 1948ರಲ್ಲಿ ಬೆರೆಸಿ ತೋರಿಸಿದರು. ಆ ಸಸಿಗಳು ಹೂ ಬಿಡುವ ಹೊತ್ತಿಗೆ ಅವರೇ ಇರಲಿಲ್ಲ. ಈಗ ಹಳದಿ ಪಿಯೋನಿ ಬೇಕು ಎನ್ನುವವರೆಲ್ಲ ಕೊಳ್ಳುವ 'ಬಾರ್ಟ್ಜೆಲ್ಲಾ' ಇದೇ ಗುಂಪಿನದು.

ಮೊದಲ ಸಲ ಬೆಳೆಸುವವರಿಗೆ ಸಾಮಾನ್ಯ ಪಿಯೋನಿಯೇ ಸರಿ. ತಿಳಿಗುಲಾಬಿ ಬಣ್ಣದ 'ಸಾರಾ ಬರ್ನಾರ್ಡ್' 1906ರಿಂದ ಇದೆ. ಬಿಳಿ ಎಸಳಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ ಇರುವ 'ಫೆಸ್ಟಿವಾ ಮ್ಯಾಕ್ಸಿಮಾ' ಇನ್ನೂ ಹಳೆಯದು, 1851ರದ್ದು. ಇಷ್ಟು ಕಾಲ ಜನ ಕೈಬಿಡದೆ ಬೆಳೆಸಿದ್ದಾರೆ ಎಂದರೆ ಗಟ್ಟಿ ತಳಿಗಳೇ ಅಲ್ವಾ? ಒಂದು ವಿಷಯ ಮಾತ್ರ ಗೊತ್ತಿರಲಿ. ಹೀಗೆ ಎಸಳು ತುಂಬಿದ ಹೂಗಳು ಮಳೆಗೆ ಸಿಕ್ಕರೆ ನೀರು ಕುಡಿದು ಭಾರವಾಗಿ ನೆಲ ಮುಟ್ಟುತ್ತವೆ. ಹೂವಿನ ಕಾಲದಲ್ಲಿ ಮಳೆ ಬರುವ ಕಡೆ ನನ್ನ ಮತ ಕಡಿಮೆ ಎಸಳಿನವಕ್ಕೆ. 'ಬೌಲ್ ಆಫ್ ಬ್ಯೂಟಿ' ತಳಿಯಲ್ಲಿ ಹೊರಗೊಂದು ಸುತ್ತು ಗುಲಾಬಿ ಎಸಳು, ನಡುವೆ ಕೆನೆಬಣ್ಣದ ಕುಚ್ಚು. ಮಳೆ ನಿಂತ ಮೇಲೂ ತಲೆ ಎತ್ತಿಯೇ ಇರುತ್ತದೆ. 'ಕೋರಲ್ ಚಾರ್ಮ್' ನನಗೆ ಇನ್ನೂ ಇಷ್ಟ. ಅರಳಿದ ದಿನ ಗಾಢ ಹವಳದ ಬಣ್ಣ ಇರುತ್ತದೆ. ಮರುದಿನದಿಂದ ಎಸಳಿನ ಅಂಚು ತಿಳಿಯಾಗುತ್ತಾ, ಉದುರುವ ಹೊತ್ತಿಗೆ ಇಡೀ ಹೂ ಕೆನೆಹಳದಿಗೆ ತಿರುಗಿರುತ್ತದೆ. ಒಂದೇ ಗಿಡದಲ್ಲಿ ಹಳೆ ಹೂ, ಹೊಸ ಹೂ ಪಕ್ಕಪಕ್ಕ ನಿಂತಾಗ ಎರಡು ತಳಿ ನೆಟ್ಟಿದ್ದೀರಾ ಎಂದು ಕೇಳುತ್ತಾರೆ.

ಜಾಗ ಮತ್ತು ನಾಟಿ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ನೋಡಿ. ದೊಡ್ಡ ಮರದ ಹತ್ತಿರ ಬೇಡ. ಬರೀ ನೆರಳಿನ ಪ್ರಶ್ನೆಯಲ್ಲ, ನೀರು, ಸಾರ ಎರಡನ್ನೂ ಮರದ ಬೇರು ಮೊದಲೇ ಎಳೆದುಕೊಳ್ಳುತ್ತದೆ. ಗಿಡದಿಂದ ಗಿಡಕ್ಕೆ ಮೂರು ಅಡಿಯಾದರೂ ಅಂತರ ಇರಲಿ. ಮೊದಲೆರಡು ವರ್ಷ ಪಾತಿ ಬಣಬಣ ಎನಿಸುತ್ತದೆ. ಆಮೇಲೆ ಆ ಜಾಗವೂ ಸಾಲದು ಎನಿಸುತ್ತದೆ.

ನೀರು ನಿಲ್ಲುವ ನೆಲದಲ್ಲಿ ಗಡ್ಡೆ ಕೊಳೆಯುತ್ತದೆ. ಅನುಮಾನವಿದ್ದರೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ. ಕೆಲವು ಗಂಟೆಯಲ್ಲಿ ಇಂಗಿದರೆ ಸರಿ. ಮರುದಿನವೂ ನೀರು ಕಂಡರೆ ಪಾತಿಯನ್ನು ಏರಿಸಿ ಕಟ್ಟಿ, ಇಲ್ಲವೇ ಬೇರೆ ಜಾಗ ಹುಡುಕಿ. ಮಣ್ಣಿನ ಪಿಎಚ್ 6.5ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ತೀರಾ ಹುಳಿ ಮಣ್ಣಾದರೆ ತೋಟಕ್ಕೆ ಹಾಕುವ ಸುಣ್ಣ ಬೆರೆಸಬೇಕು.

ನೆಡುವ ಕಾಲ ಎಲೆ ಉದುರುವ ಹೊತ್ತು, ನೆಲ ಹೆಪ್ಪುಗಟ್ಟುವುದಕ್ಕೆ ಐದಾರು ವಾರ ಮುಂಚೆ. ಉತ್ತರಾರ್ಧ ಗೋಳದಲ್ಲಿ ಸೆಪ್ಟೆಂಬರ್-ಅಕ್ಟೋಬರ್. ಆಗ ನೆಲದಲ್ಲಿ ಇನ್ನೂ ಬಿಸಿ ಇರುವುದರಿಂದ ಗಡ್ಡೆ ಸಣ್ಣ ಬೇರು ಬಿಟ್ಟುಕೊಳ್ಳುತ್ತದೆ. ವಸಂತದಲ್ಲಿ ಕುಂಡದ ಗಿಡ ತಂದು ನೆಟ್ಟರೂ ಬದುಕುತ್ತದೆ, ಆದರೆ ಒಂದು ವರ್ಷ ಹಿಂದೆ ಬೀಳುತ್ತದೆ.

ಗಡ್ಡೆ ಕೈಗೆ ಬಂದಾಗ ನೋಡುವುದಕ್ಕೆ ಚೆನ್ನಾಗೇನೂ ಇರುವುದಿಲ್ಲ. ಕಂದು ಬಣ್ಣ, ಹೆಬ್ಬೆರಳು ದಪ್ಪದ ನಾಲ್ಕೈದು ಬೇರು, ಮೇಲ್ತುದಿಯಲ್ಲಿ ಗಂಟು. ಆ ಗಂಟಿನ ಸುತ್ತ ಕೆಂಪು ಅಥವಾ ಬಿಳಿಗುಲಾಬಿ ಬಣ್ಣದ ಚೂಪಾದ ಮೊಳಕೆಗಳು. ಅವೇ ಕಣ್ಣುಗಳು. ಮೂರರಿಂದ ಐದು ಕಣ್ಣು ಇರುವ ಗಡ್ಡೆ ಕೊಳ್ಳಿ. ಒಂದೇ ಕಣ್ಣಿನದು ಅಗ್ಗಕ್ಕೆ ಸಿಗುತ್ತದೆ, ಆದರೆ ಹೂವಿಗೆ ವರ್ಷಗಟ್ಟಲೆ ಕಾಯಿಸುತ್ತದೆ. ಮೆತ್ತಗೆ ಕೊಳೆತ ತುದಿಯಿದ್ದರೆ ಚಾಕುವಿನಿಂದ ಗಟ್ಟಿ ಭಾಗದವರೆಗೂ ಕತ್ತರಿಸಿ ಬಿಸಾಡಿ.

ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ ತೋಡಿ. ತಳದ ಮಣ್ಣಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ ಮತ್ತೆ ತುಂಬಿ. ಹಸಿ ಸಗಣಿ ಗೊಬ್ಬರ ಗಡ್ಡೆಗೆ ತಾಗಲೇಬಾರದು. ಈಗ ತಾಳ್ಮೆ ಬೇಕು. ತುಂಬಿದ ಮಣ್ಣನ್ನು ಕೈಯಲ್ಲೋ ಕಾಲಲ್ಲೋ ಒತ್ತಿ ಗಟ್ಟಿ ಮಾಡಿ. ಈ ಕೆಲಸ ಬಿಟ್ಟರೆ, ಸಡಿಲ ಮಣ್ಣು ಮೊದಲ ಮಳೆಗೇ ಕುಸಿದು ಗಡ್ಡೆಯನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ನೀವು ಅಳೆದು ನೆಟ್ಟಿದ್ದೆಲ್ಲ ವ್ಯರ್ಥ. ಗಡ್ಡೆಯನ್ನು ಕಣ್ಣು ಮೇಲೆ ಬರುವಂತೆ ಕೂರಿಸಿ. ಗುಂಡಿಯ ಬಾಯಿಗೆ ಅಡ್ಡವಾಗಿ ಒಂದು ಕೋಲು ಇಡಿ. ಕೋಲಿನಿಂದ ಕಣ್ಣಿನ ತುದಿಗೆ ಒಂದರಿಂದ ಎರಡು ಇಂಚು ಇರಬೇಕು. ಚಳಿ ಕಡಿಮೆ ಇರುವ ಕಡೆ ಅರ್ಧದಿಂದ ಒಂದು ಇಂಚು ಸಾಕು. ಮಣ್ಣು ಮುಚ್ಚಿ, ನಿಧಾನಕ್ಕೆ ನೀರು ಕೊಟ್ಟು, ಕುಸಿದಿದೆಯಾ ಎಂದು ಮತ್ತೊಮ್ಮೆ ನೋಡಿ.

ಟ್ರೀ ಪಿಯೋನಿಗೆ ಮಾತ್ರ ಲೆಕ್ಕ ಉಲ್ಟಾ. ಅದನ್ನು ಸಾಮಾನ್ಯ ಪಿಯೋನಿಯ ಬೇರಿಗೆ ಕಸಿ ಕಟ್ಟಿರುತ್ತಾರೆ. ಕಸಿಯ ಗಂಟು ನಾಲ್ಕರಿಂದ ಆರು ಇಂಚು ಒಳಗೆ ಹೋಗಬೇಕು. ಆಗಲೇ ಮೇಲಿನ ಗಿಡ ತನ್ನದೇ ಬೇರು ಬಿಡುತ್ತದೆ.

ಸರಿಯಾಗಿ ನೆಟ್ಟ ಗಿಡವೂ ವರ್ಷಗಳಾದ ಮೇಲೆ ಹೂ ನಿಲ್ಲಿಸುವುದುಂಟು. ಪ್ರತಿ ವರ್ಷ ಪ್ರೀತಿಯಿಂದ ಬುಡಕ್ಕೆ ಕಾಂಪೋಸ್ಟ್ ಪೇರಿಸುತ್ತಾ ಹೋದರೆ ಎರಡು ಇಂಚು ಸದ್ದಿಲ್ಲದೆ ನಾಲ್ಕಾಗಿರುತ್ತದೆ. ಕಾಂಪೋಸ್ಟ್ ಹಾಕುವುದಿದ್ದರೆ ಬುಡದಿಂದ ಅರ್ಧ ಅಡಿ ದೂರದಲ್ಲಿ, ಬಳೆಯಾಕಾರದಲ್ಲಿ ಹಾಕಿ.

ಮೊದಲ ವರ್ಷಗಳು

ಮೊದಲ ವಸಂತದಲ್ಲಿ ಒಂದೆರಡು ದಂಟು ಬಂದರೆ ಅದೇ ಹೆಚ್ಚು. ಮೊಗ್ಗು ಕಂಡರೆ ಚಿವುಟಿ ಹಾಕಿ, ಆ ಶಕ್ತಿ ಬೇರಿಗೆ ಹೋಗಲಿ. ಮನಸ್ಸು ಬರುವುದಿಲ್ಲ, ಗೊತ್ತು. ಎರಡನೇ ವರ್ಷ ಕೆಲವು ಹೂ. ಮೂರನೇ ವರ್ಷದಿಂದ ಗಿಡ ಗಿಡದ ಹಾಗೆ ಕಾಣುತ್ತದೆ. ಆಮೇಲೆ 50 ವರ್ಷ ಅದೇ ಜಾಗದಲ್ಲಿ ಇರಬಲ್ಲದು. ಹಾಗಾಗಿ ಮೂರು ವರ್ಷ ಕಾಯುವುದು ದೊಡ್ಡ ಮಾತಲ್ಲ.

ಮಳೆ ಇಲ್ಲದ ವಾರ ಒಂದು ಇಂಚಿನಷ್ಟು ನೀರು ಕೊಡಿ, ಒಮ್ಮೆಗೇ ಆಳಕ್ಕೆ ಇಳಿಯುವಂತೆ. ಹೂ ಮುಗಿದ ಮೇಲೆ ಪಾತಿಯನ್ನು ಮರೆತುಬಿಡುವವರೇ ಜಾಸ್ತಿ. ಮುಂದಿನ ವರ್ಷದ ಕಣ್ಣುಗಳು ಕಟ್ಟುವುದೇ ಆ ಬೇಸಿಗೆಯಲ್ಲಿ, ಆಗ ನೀರು ತಪ್ಪಿಸಬೇಡಿ. ಗೊಬ್ಬರ ಹೂ ಮುಗಿದ ನಂತರ ಒಮ್ಮೆ ಹಾಕಿದರೆ ಸಾಕು, ಸಾರಜನಕ ಕಡಿಮೆ ಇರುವುದು. ಪಕ್ಕದ ಹುಲ್ಲುಹಾಸಿಗೆ ಎರಚುವ ಗೊಬ್ಬರ ಇಲ್ಲಿಗೂ ಬಿದ್ದರೆ ಎಲೆ ಸೊಂಪಾಗುತ್ತದೆ, ದಂಟು ಸೊರಗುತ್ತದೆ.

ಆಸರೆಯ ಉಂಗುರವನ್ನು ಚಿಗುರು ಅರ್ಧ ಅಡಿ ಇರುವಾಗಲೇ ನಿಲ್ಲಿಸಿ. ದಂಟುಗಳು ಅದರೊಳಗಿಂದ ತಾವೇ ಬೆಳೆದು ಬರುತ್ತವೆ. ಬಿದ್ದ ಮೇಲೆ ಎತ್ತಿ ದಾರ ಸುತ್ತಿದರೆ ಪೊರಕೆಯ ಹಾಗೆ ಕಾಣುತ್ತದೆ.

ಒಂದು ದಂಟಿನಲ್ಲಿ ನಡುವೆ ದೊಡ್ಡ ಮೊಗ್ಗು, ಪಕ್ಕದಲ್ಲಿ ಎರಡು ಮೂರು ಸಣ್ಣವು ಬರುತ್ತವೆ. ದೊಡ್ಡ ಹೂವೇ ಬೇಕಿದ್ದರೆ ಪಕ್ಕದವನ್ನು ಬಟಾಣಿ ಗಾತ್ರದಲ್ಲೇ ತೆಗೆಯಬೇಕು. ನಾನು ಬಿಡುತ್ತೇನೆ. ನಡುವಿನ ಹೂ ಉದುರುವಾಗ ಅವು ಅರಳುತ್ತವೆ, ಹೂವಿನ ಕಾಲ ಇನ್ನೊಂದು ವಾರ ಎಳೆಯುತ್ತದೆ.

ಇರುವೆಗಳಿಗೆ ಹೆದರಿ ಔಷಧಿ ಹೊಡೆಯಬೇಡಿ. ಮೊಗ್ಗನ್ನು ಹತ್ತಿರದಿಂದ ನೋಡಿ: ಹೊರಗಿನ ಹಸಿರು ಪುಷ್ಪಪತ್ರದ ಅಂಚಿನಲ್ಲಿ ಹೊಳೆಯುವ ಅಂಟು ಹನಿ ಕಾಣುತ್ತದೆ. ಇರುವೆ ಬರುವುದು ಆ ಸಿಹಿಗೆ. ಎಸಳನ್ನು ಕಡಿಯುವುದಿಲ್ಲ. ಇರುವೆ ಇಲ್ಲದಿದ್ದರೆ ಮೊಗ್ಗು ಬಿಚ್ಚುವುದೇ ಇಲ್ಲ ಎನ್ನುವ ಮಾತೂ ಸುಳ್ಳು. ಹೂ ಬಿಚ್ಚಿದ ಮೇಲೆ ಅವು ತಾವಾಗಿಯೇ ಹೋಗುತ್ತವೆ.

ಹೂದಾನಿಗೆ ಕೊಯ್ಯುವುದು

ಮೊಗ್ಗಿಗೆ ಬಣ್ಣ ಬಂದ ಮೇಲೆ ದಿನಾ ಬೆಳಿಗ್ಗೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿ ಇದ್ದರೆ ಬಿಡಿ, ಆಗ ಕೊಯ್ದರೆ ಅರಳದೆಯೇ ಬಾಡುತ್ತದೆ. ಸ್ವಲ್ಪ ಒಳಕ್ಕೆ ಹೋಗಿ ಮತ್ತೆ ಉಬ್ಬಿದರೆ ಅದೇ ಸರಿಯಾದ ಹದ. ಈ ಹದ ಬೆರಳಿಗೆ ಬೇಗ ತಿಳಿದುಬಿಡುತ್ತದೆ. ಕೊಯ್ಯುವಾಗ ದಂಟಿನ ಬುಡದಲ್ಲಿ ಎರಡು ಮೂರು ಎಲೆ ಗಿಡದಲ್ಲೇ ಉಳಿಯಬೇಕು. ಒಂದು ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಂಟು ತೆಗೆಯಬಾರದು. ಮೂರು ವರ್ಷವಾಗದ ಗಿಡಕ್ಕೆ ಕತ್ತರಿ ತಾಗಿಸುವುದೇ ಬೇಡ.

ಇದೇ ಹದದ ಮೊಗ್ಗನ್ನು ಎಲೆ ಬಿಡಿಸಿ, ಪೇಪರಿನಲ್ಲಿ ಸುತ್ತಿ, ನೀರಿಲ್ಲದೆ ಫ್ರಿಜ್ಜಿನಲ್ಲಿ ಮಲಗಿಸಿದರೆ ಎರಡು ವಾರ ಆರಾಮಾಗಿ ಇರುತ್ತದೆ. ಹಣ್ಣಿನ ಪಕ್ಕ ಮಾತ್ರ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗನ್ನು ಕೆಡಿಸುತ್ತದೆ. ಬೇಕಾದ ದಿನ ತೆಗೆದು, ದಂಟಿನ ತುದಿ ಹೊಸದಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ.

ಮೊಗ್ಗು ಕರ್ರಗಾದರೆ

ಒದ್ದೆ ವಸಂತದಲ್ಲಿ ಎಳೆ ದಂಟು ಬುಡದಲ್ಲಿ ಕಪ್ಪಾಗಿ ಬಾಗಿದರೆ, ಮೊಗ್ಗು ಕಂದಾಗಿ ಅದರ ಮೇಲೆ ಬೂದು ಬಣ್ಣದ ಬೂಷ್ಟು ಕಂಡರೆ, ಅದು ಬೋಟ್ರೈಟಿಸ್ ಶಿಲೀಂಧ್ರ. ಕಂಡ ಕೂಡಲೇ ಕೆಟ್ಟ ಭಾಗವನ್ನು ಕತ್ತರಿಸಿ ಚೀಲಕ್ಕೆ ಹಾಕಿ ಎಸೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ನೀರನ್ನು ಎಲೆ ಮೇಲೆ ಹೊಯ್ಯದೆ ಬುಡಕ್ಕೆ ಕೊಡಿ. ಬೂಷ್ಟಿಲ್ಲದೆ ಮೊಗ್ಗು ಸಣ್ಣದರಲ್ಲೇ ಒಣಗಿದರೆ ಅದು ಬೇರೆ ಕಥೆ: ತಡವಾಗಿ ಬಿದ್ದ ಹಿಮ, ನೀರಿನ ಕೊರತೆ ಅಥವಾ ನೆರಳು. ಬೇಸಿಗೆಯ ಕೊನೆಯಲ್ಲಿ ಎಲೆ ಮೇಲೆ ಬರುವ ಬಿಳಿ ಬೂದಿ ರೋಗ ನೋಡಲು ಕೆಟ್ಟದಾಗಿದ್ದರೂ ಗಿಡಕ್ಕೆ ಅಷ್ಟೇನೂ ತೊಂದರೆ ಕೊಡುವುದಿಲ್ಲ.

ಬಾಡಿದ ಹೂ ತೆಗೆಯಿರಿ, ಎಲೆ ಮಾತ್ರ ತೆಗೆಯಬೇಡಿ. ಹಸಿರಿರುವವರೆಗೂ ಅದು ಗಡ್ಡೆಗೆ ದುಡಿಯುತ್ತಿರುತ್ತದೆ. ಚಳಿ ಬಿದ್ದು ಪೂರ್ತಿ ಕಂದಾದ ಮೇಲೆ ನೆಲದಿಂದ ಒಂದೆರಡು ಇಂಚು ಬಿಟ್ಟು ಕತ್ತರಿಸಿ, ಉದುರಿದ್ದನ್ನೆಲ್ಲ ಆರಿಸಿ ತೆಗೆಯಿರಿ. ಬೋಟ್ರೈಟಿಸ್ ಚಳಿಗಾಲ ಕಳೆಯುವುದು ಆ ಕಸದಲ್ಲೇ. ಇಟೋ ಪಿಯೋನಿಗೆ ನಾಲ್ಕೈದು ಇಂಚು ಬಿಡಿ, ಕಡ್ಡಿಯ ಮೇಲೂ ಕಣ್ಣಿರುತ್ತದೆ. ಟ್ರೀ ಪಿಯೋನಿಯ ಒಣ ಎಲೆ ಮಾತ್ರ ತೆಗೆಯಿರಿ, ಕಡ್ಡಿ ಮುಟ್ಟಬೇಡಿ.

ಗಡ್ಡೆ ಪಾಲು ಮಾಡುವುದು ಗಿಡಕ್ಕೆ ಬೇಕೇಬೇಕು ಎಂದೇನಿಲ್ಲ. ಹೆಚ್ಚು ಗಿಡ ಬೇಕಿದ್ದರೆ ಮಾತ್ರ ಮಾಡಿ, ಅದೂ ನಾಟಿಯ ಕಾಲದಲ್ಲೇ. ಸುತ್ತ ಅಗಲವಾಗಿ ಅಗೆದು ಎತ್ತಿ, ಪೈಪಿನ ನೀರಿನಲ್ಲಿ ಮಣ್ಣು ತೊಳೆದು, ಕೆಲವು ಗಂಟೆ ನೆರಳಲ್ಲಿ ಬಿಡಿ. ಆಗ ತಾನೇ ಅಗೆದ ಗಡ್ಡೆ ಪಟ್ಟನೆ ಮುರಿಯುತ್ತದೆ, ಸ್ವಲ್ಪ ಬಾಡಿದರೆ ಬಗ್ಗುತ್ತದೆ. ಹರಿತವಾದ ಚಾಕುವಿನಿಂದ ಪ್ರತಿ ತುಂಡಿಗೂ ಮೂರರಿಂದ ಐದು ಕಣ್ಣು, ಜೊತೆಗೆ ಒಳ್ಳೆ ಬೇರು ಬರುವಂತೆ ಕತ್ತರಿಸಿ. ತಳಿಯ ಹೆಸರು ಆಗಲೇ ಬರೆದಿಡಿ, ಹೂ ಬರುವವರೆಗೆ ಯಾವುದು ಯಾವುದೆಂದು ಗುರುತು ಸಿಗುವುದಿಲ್ಲ. ಹಳೆ ಗಿಡ ಎತ್ತಿದ ಗುಂಡಿಗೇ ಮತ್ತೆ ಪಿಯೋನಿ ಹಾಕಬೇಡಿ, ಅಲ್ಲಿ ಅದು ಏಳಿಗೆಯಾಗುವುದಿಲ್ಲ. ಬೇರೆ ಜಾಗವೇ ಇಲ್ಲದಿದ್ದರೆ ಅಲ್ಲಿನ ಮಣ್ಣು ತೆಗೆದು, ತೋಟದ ಇನ್ನೊಂದು ಮೂಲೆಯ ಮಣ್ಣು ತುಂಬಿ ನೆಡಿ.