ಬಾಗಲಕೋಟೆಯಿಂದ ಪುಣೆಗೆ ಹೊರಡೋ ಮೊದಲು ಮನೆಯ ಲೆಕ್ಕ ಹೀಗೆ ಹಾಕಿ

ಪುಣೆಯಲ್ಲಿ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ ಇದೆ, ಹೋಗಲಾ ಬೇಡವಾ ಅಂತ ಬಾಗಲಕೋಟೆಯ ನವನಗರದಲ್ಲಿ ಗೊತ್ತಿದ್ದವರು ಆಗಾಗ ನನ್ನನ್ನು ಕೇಳುತ್ತಾರೆ. ಹೆಂಡತಿ, ಮಗಳ ಜೊತೆ ನಾನು ಪುಣೆಯಲ್ಲಿ ಮೂರು ವರ್ಷ ಇದ್ದು ಬಂದವನು, ಅದಕ್ಕೆ. ಎಲ್ಲರಿಗೂ ಮೊದಲು ಹೇಳೋದು ಒಂದೇ. ಪುಣೆಯ ಖರ್ಚು ಎಷ್ಟು ಅನ್ನೋದನ್ನು ಆಮೇಲೆ ನೋಡೋಣ, ಊರಲ್ಲಿ ದುಡ್ಡು ಕೊಡದೆ ನಿಮ್ಮ ಮನೆಗೆ ಏನೇನು ಬರುತ್ತಿದೆ, ಅದನ್ನು ಮೊದಲು ಬರೆಯಿರಿ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ಕಳೆದ 12 ತಿಂಗಳ ಖರ್ಚು. ಒಂದೇ ತಿಂಗಳದ್ದು ಬರೆದರೆ ಲೆಕ್ಕ ತಪ್ಪುತ್ತದೆ, ಯಾಕಂದರೆ ಶಾಲೆ ಫೀ ಜೂನ್‌ನಲ್ಲಿ ಬರುತ್ತದೆ, ಮದುವೆಗಳೆಲ್ಲ ಬೇಸಿಗೆಯಲ್ಲಿ ಬರುತ್ತವೆ, ದೀಪಾವಳಿ ಬಟ್ಟೆಯ ಖರ್ಚು ಬೇರೆ. ಬಲಗಡೆ ಪುಟದಲ್ಲಿ ಸುಮ್ನೆ ಸಿಗುತ್ತಿರೋದು. ನನ್ನ ಬಲಗಡೆ ಪುಟದಲ್ಲಿ ಇದ್ದದ್ದು ಇಷ್ಟು: ಅಪ್ಪ ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಪರಿಹಾರದ ಸೈಟಿನಲ್ಲಿ ಕಟ್ಟಿದ ಮನೆ, ಹೊಲದಿಂದ ಬರೋ ಜೋಳ, ತೊಗರಿ, ಶೇಂಗಾ, ಶಾಲೆ ಬಿಟ್ಟ ಮೇಲೆ ಸಂಜೆ ತನಕ ಮಗಳನ್ನು ನೋಡಿಕೊಳ್ಳೋ ಅವ್ವ, ಮತ್ತೆ ಮಧ್ಯಾಹ್ನದ ಊಟ. ಈ ಊಟವನ್ನು ನಾನು ಮೊದಲು ಬರೆದಿರಲೇ ಇಲ್ಲ. ಆಫೀಸಿನಿಂದ ಗಾಡಿ ಮೇಲೆ ಹತ್ತು ನಿಮಿಷಕ್ಕೆ ಮನೆಗೆ ಬಂದು, ಬಿಸಿ ರೊಟ್ಟಿ ತಿಂದು, ಸ್ವಲ್ಪ ಅಡ್ಡಾಗಿ ಮತ್ತೆ ಹೋಗುತ್ತಿದ್ದೆ. ಪುಣೆಗೆ ಹೋದ ಮೊದಲ ವಾರವೇ ಅದರ ಬೆಲೆ ಗೊತ್ತಾಯಿತು. ಬೆಳಗ್ಗೆ ಕಟ್ಟಿಕೊಂಡು ಹೋದ ಡಬ್ಬಿ ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತಿತ್ತು, ಡಬ್ಬಿ ಕಟ್ಟೋಕೆ ಆಗದಿದ್ದ ದಿನ ಕ್ಯಾಂಟೀನ್.

ಈಗ ಬಲಗಡೆಯ ಒಂದೊಂದಕ್ಕೂ ಅಲ್ಲಿನ ಬೆಲೆ ಹಾಕಿ. ಮನೆ ಅಂದರೆ ಬಾಡಿಗೆ. ಅವ್ವ ಅಂದರೆ ಪಾಳಣಾಘರ, ಮಕ್ಕಳನ್ನು ನೋಡಿಕೊಳ್ಳೋ ಜಾಗಕ್ಕೆ ಅಲ್ಲಿ ಹಾಗೇ ಹೇಳುತ್ತಾರೆ. ಹೊಲದ ಕಾಳು ಅಂದರೆ ಕಿರಾಣಿ ಅಂಗಡಿ. ಕಾಳು ಊರಿಂದಲೇ ತರಿಸಿಕೊಳ್ಳುತ್ತೇವೆ ಅಂತ ನಾವೂ ಅಂದುಕೊಂಡಿದ್ದೆವು. ಅಪ್ಪ ಒಂದು ಚೀಲ ಬಿಳಿಜೋಳ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು. ಬಸ್ಸಿನವರು ಬೆಳಗಿನ ಜಾವ ಅದನ್ನು ರಸ್ತೆ ಪಕ್ಕ ಇಳಿಸಿ ಹೋದರು. ಲಗೇಜಿಗೆ ಒಂದಿಷ್ಟು, ಆಟೋಕ್ಕೆ ಒಂದಿಷ್ಟು, ಮನೆ ಮುಟ್ಟೋ ಹೊತ್ತಿಗೆ ಅಲ್ಲಿನ ಅಂಗಡಿ ರೇಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿದಿರಲಿಲ್ಲ. ಎರಡು ರೂಮಿನ ಮನೆಯಲ್ಲಿ ಇಡಲು ಜಾಗ ಇಲ್ಲದೆ ಬಾಲ್ಕನಿಯಲ್ಲಿ ಇಟ್ಟೆವು, ಮಳೆಗಾಲದಲ್ಲಿ ಅರ್ಧ ಚೀಲಕ್ಕೆ ಹುಳ ಬಿತ್ತು. ತರೋದಾದರೆ ಹತ್ತು ಕೆಜಿ ಮೇಲೆ ತರಬೇಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ ಮಾತ್ರ ಎಷ್ಟಾದರೂ ತನ್ನಿ, ಅವು ಅಲ್ಲಿ ನಮ್ಮ ರುಚಿಗೆ ಸಿಗಲ್ಲ.

ಒಂದು ಲೆಕ್ಕ ಹಾಕೋಣ. ಇಲ್ಲಿ ತಿಂಗಳಿಗೆ 40,000, ಅಲ್ಲಿ 60,000 ಅಂತ ಹಿಡಿಯಿರಿ. 20,000 ಜಾಸ್ತಿ, ಖುಷಿಯಾಗುತ್ತದೆ ಅಲ್ವಾ? ಬಾಡಿಗೆ, ಅಪಾರ್ಟ್‌ಮೆಂಟ್ ಸೊಸೈಟಿ ಮೇಂಟೆನೆನ್ಸ್ ಸೇರಿ 18,000 ಆದರೆ ಉಳಿಯೋದು 2,000. ಪಾಳಣಾಘರ, ಪೆಟ್ರೋಲ್, ಊರಿಗೆ ಬಂದು ಹೋಗೋ ಬಸ್ ಚಾರ್ಜು ಇನ್ನೂ ಬರೆದೇ ಇಲ್ಲ. ಆದರೆ ನೀವು ಇಲ್ಲೂ ಬಾಡಿಗೆ ಮನೆಯಲ್ಲಿದ್ದೀರಿ, ಹೊಲ ಇಲ್ಲ, ಮಗುವನ್ನು ನೋಡೋಕೆ ಮನೆಯಲ್ಲಿ ಯಾರೂ ಇಲ್ಲ ಅಂದರೆ ನಿಮ್ಮ ಬಲಗಡೆ ಪುಟ ಖಾಲಿ ಇರುತ್ತದೆ. ಅಂಥವರಿಗೆ ನಾನು ಧೈರ್ಯವಾಗಿ ಹೋಗಿ ಅಂತಲೇ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕೆಲಸ ಸಿಗೋ ಹಾಗಿದ್ದರೂ ಅಷ್ಟೇ, ಲೆಕ್ಕ ಪೂರ್ತಿ ಬದಲಾಗುತ್ತದೆ.

ಬಾಡಿಗೆ ಮನೆ ಹಿಡಿಯುವಾಗ ಒಂದು ವಿಷಯ ಗೊತ್ತಿರಲಿ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಷ್ಟು ತಿಂಗಳು ಮನೆಯಲ್ಲಿ ಇರೋಕೆ ಅನುಮತಿ ಕೊಡೋ ಕರಾರು ಮಾಡುತ್ತಾರೆ, ಹೆಚ್ಚಾಗಿ 11 ತಿಂಗಳಿಗೆ, ಮತ್ತು 1999ರ ಅಲ್ಲಿನ ಬಾಡಿಗೆ ಕಾನೂನಿನ ಪ್ರಕಾರ ಅದನ್ನು ನೋಂದಣಿ ಮಾಡಿಸಲೇಬೇಕು. ನೋಂದಣಿ ಮಾಡಿಸೋ ಜವಾಬ್ದಾರಿ ಮನೆ ಮಾಲೀಕರದು. ನಮ್ಮ ಮೊದಲ ಮಾಲೀಕರು ಬರೀ ಸ್ಟಾಂಪ್ ಪೇಪರ್ ಸಾಕು ಅಂದರು, ನಾವೂ ಹೂಂ ಅಂದೆವು. ಬಿಡುವಾಗ ಡಿಪಾಸಿಟ್‌ನಲ್ಲಿ ಬಣ್ಣದ ಖರ್ಚು ಅಂತ ಮುರಿದುಕೊಂಡರು. ಕೇಳೋಕೆ ನಮ್ಮ ಕೈಯಲ್ಲಿ ಸರಿಯಾದ ಕಾಗದ ಇರಲಿಲ್ಲ. ಏಜೆಂಟರಿಗೆ ಕೊಡೋ ದುಡ್ಡು, ಡಿಪಾಸಿಟ್, ಲಾರಿ ಬಾಡಿಗೆ, ಇವೆಲ್ಲ ಮೊದಲ ತಿಂಗಳೇ ಒಟ್ಟಿಗೆ ಬರುತ್ತವೆ, ಅದಕ್ಕೆ ಬೇರೆ ಹಣ ಇಟ್ಟುಕೊಂಡೇ ಹೊರಡಿ.

ಸರ್ಕಾರದಿಂದ ಬರೋದನ್ನೂ ಬಲಗಡೆ ಪುಟಕ್ಕೇ ಬರೆಯಿರಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ ಕರೆಂಟ್ ಬಿಲ್ ಇಲ್ಲ, ಅದೂ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಯೂನಿಟ್ ತನಕ. ಪುಣೆಯಲ್ಲಿ ಅದು ಇಲ್ಲ, ಬಳಕೆ ಏರಿದ ಹಾಗೆ ಯೂನಿಟ್ ರೇಟೂ ಏರುತ್ತದೆ. ಗೃಹಲಕ್ಷ್ಮಿಯ 2,000 ಅವ್ವನ ಹೆಸರಲ್ಲಿ ಬರುತ್ತಿದ್ದು ಅವರು ಊರಲ್ಲೇ ಇದ್ದರೆ ತೊಂದರೆ ಇಲ್ಲ. ಶಕ್ತಿ ಯೋಜನೆಯ ಉಚಿತ ಬಸ್ಸಿಗೆ ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಆಧಾರ್ ವಿಳಾಸ ಪುಣೆಗೆ ಬದಲಿಸಿದ ಹೆಣ್ಣುಮಕ್ಕಳು ಊರಿಗೆ ಬಂದಾಗ ಟಿಕೆಟ್ ತೆಗೆಯಬೇಕಾಗುತ್ತದೆ. ಮಹಾರಾಷ್ಟ್ರದ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಅವರಿಗೆ ಅರ್ಧ ಟಿಕೆಟ್ ಇದೆ, 2023ರ ಮಾರ್ಚ್‌ನಿಂದ. ವೃತ್ತಿ ತೆರಿಗೆ ಎರಡೂ ಕಡೆ ವರ್ಷಕ್ಕೆ ಹೆಚ್ಚೆಂದರೆ 2,500, ಅದರ ಚಿಂತೆ ಬಿಡಿ.

ಗಾಡಿ ವಿಷಯ ಮರೆಯಬೇಡಿ. ಕೆಎ 29 ನಂಬರಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ಅರ್ಜಿ ಹಾಕಿ ವಾಪಸ್ ಕೇಳಬೇಕು. ಹಳೇ ಸ್ಕೂಟರ್ ಆದರೆ ಇಲ್ಲೇ ಮಾರಿ ಹೋಗೋದು ವಾಸಿ. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ದರೆ ಎಲ್ಲ ರಾಜ್ಯಗಳಲ್ಲೂ ನಡೆಯೋ ಬಿಎಚ್ (ಭಾರತ್ ಸರಣಿ) ನಂಬರ್ ಸಿಗುತ್ತದಾ ವಿಚಾರಿಸಿ.

ಮಕ್ಕಳ ಓದಿನ ಬಗ್ಗೆ ಮಾತ್ರ ನಿಧಾನವಾಗಿ ಕೂತು ಯೋಚನೆ ಮಾಡಿ. ಮಹಾರಾಷ್ಟ್ರದಲ್ಲಿ 2020ರ ಕಾನೂನು ಬಂದ ಮೇಲೆ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಒಂದನೇ ತರಗತಿಯ ಮಗು ಆರು ತಿಂಗಳಲ್ಲಿ ಮಾತಾಡುತ್ತದೆ. ಆರನೇ ತರಗತಿಗೆ ಹೋದ ನನ್ನ ಮಗಳು ಮೊದಲ ವರ್ಷ ಮರಾಠಿ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಿದ್ದಳು. ಲಿಪಿ ಹಿಂದಿಯದ್ದೇ ಆದ್ದರಿಂದ ಓದೋಕೆ ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಇನ್ನೊಂದು ವಿಷಯ ಮುಂದೆ ಬರುತ್ತದೆ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮ ಅಂದರೆ, ಒಂದರಿಂದ ಪಿಯುಸಿ ಒಳಗೆ ಇಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ಎರಡನೇ ಪಿಯುಸಿ ಇಲ್ಲೇ ಪಾಸಾಗಿರಬೇಕು. ಮಗು ಈಗ ಯಾವ ತರಗತಿ, ಇಲ್ಲಿ ಎಷ್ಟು ವರ್ಷ ಆಗಿದೆ, ಬೆರಳು ಎಣಿಸಿ ನೋಡಿ. ನಾವು ಮಗಳ ಎಂಟನೇ ತರಗತಿ ಮುಗಿದ ಕೂಡಲೇ ವಾಪಸ್ ಬಂದದ್ದು ಇದಕ್ಕೇ. ಎಸ್‌ಸಿ, ಎಸ್‌ಟಿ ಕುಟುಂಬದವರು ಇದನ್ನೂ ಗಮನಿಸಬೇಕು: ಇಲ್ಲಿನ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರ ಸರ್ಕಾರದ ನೌಕರಿಯಲ್ಲಿ ಮೀಸಲಾತಿ ಸಿಗಲ್ಲ.

ದುಡ್ಡಿನ ಲೆಕ್ಕ ಮುಗಿದ ಮೇಲೆ ಒಂದು ವಾರ ಅಲ್ಲಿ ಇದ್ದು ನೋಡಿ. ಭಾನುವಾರ ಹೋಗಿ ಮಾಲ್ ನೋಡಿ ಬಂದರೆ ಏನೂ ಗೊತ್ತಾಗಲ್ಲ. ಸೋಮವಾರ ಬೆಳಗ್ಗೆ 9ಕ್ಕೆ, ನೀವು ಹಿಡಿಯಬೇಕು ಅಂದುಕೊಂಡ ಮನೆ ಹತ್ತಿರದಿಂದ ಆಫೀಸಿಗೆ ಹೋಗಿ, ಸಂಜೆ 6ಕ್ಕೆ ವಾಪಸ್ ಬನ್ನಿ, ಗಡಿಯಾರ ನೋಡಿಕೊಳ್ಳಿ. ಹೊಸ ಬಡಾವಣೆಗಳಲ್ಲಿ ನೀರು ಟ್ಯಾಂಕರಿನದೇ ಇರುತ್ತದೆ, ಆದ್ದರಿಂದ ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಅಂತ ವಾಚ್‌ಮನ್‌ನನ್ನು ಕೇಳಿ. ಮಾಲೀಕರು ಹೇಳದೆ ಇರೋದನ್ನು ಅವನು ಹೇಳುತ್ತಾನೆ. ಒಳ್ಳೇದೂ ಇದೆ, ಅದನ್ನೂ ಬರೆದುಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲು ಅಲ್ಲಿ ರಾತ್ರಿಗಾದರೂ ತಣಿಯುತ್ತಿತ್ತು. ನನ್ನ ಹೆಂಡತಿ ಮದುವೆಯಾದ ಮೇಲೆ ಬಿಟ್ಟಿದ್ದ ಕೆಲಸವನ್ನು ಅಲ್ಲಿ ಮತ್ತೆ ಹಿಡಿದಳು, ರಾತ್ರಿ ಒಂಬತ್ತಕ್ಕೆ ಒಬ್ಬಳೇ ನಡೆದು ಬರುತ್ತಿದ್ದಳು. ಅದನ್ನು ಅವಳು ಈಗಲೂ ನೆನೆಸುತ್ತಾಳೆ, ಮತ್ತು ಅದನ್ನು ನಾನು ಯಾವ ಪುಟದಲ್ಲೂ ಬರೆದಿರಲಿಲ್ಲ. ನೀವು ಹಾಗೆ ಮಾಡಬೇಡಿ, ನೋಟ್‌ಬುಕ್ ಒಂದು ದಿನ ಹೆಂಡತಿ ಕೈಗೂ ಕೊಡಿ.

ಆದರೆ ಎಲ್ಲರೂ ಒಂದೇ ಸಲ ಹೊರಡಬೇಡಿ. ಕೆಲಸಕ್ಕೆ ಸೇರೋರು ಮೂರು ತಿಂಗಳು ಮೊದಲು ಹೋಗಿ ರೂಮ್ ಮಾಡಿಕೊಂಡು ಇರಲಿ, ಮನೆಯವರು ಜೂನ್‌ಗೆ ಶಾಲೆ ಶುರುವಾಗೋ ಹೊತ್ತಿಗೆ ಹೋಗಲಿ. ತಿಜೋರಿ, ದೊಡ್ಡ ಮಂಚ ಊರಲ್ಲೇ ಬಿಡಿ. ರೊಟ್ಟಿ ಹಂಚು ಮಾತ್ರ ಲಾರಿಗೆ ಹಾಕದೆ ಕೈಯಲ್ಲೇ ಒಯ್ಯಿರಿ, ನಮ್ಮದು ಲಾರಿಯಲ್ಲಿ ಸೀಳಿ, ಹೊಸದು ಪಳಗೋ ತನಕ ಒಂದು ತಿಂಗಳು ರೊಟ್ಟಿ ಅಂಟುತ್ತಿತ್ತು.