ಮಕ್ಕಳ ಕಾರ್ಟೂನ್‌ಗೆ ಪಾತ್ರಗಳ ತಂಡ ಕಟ್ಟುವುದು ಹೇಗೆ

ನಾಲ್ಕೈದು ಪಾತ್ರ ಸಾಕು: ಮುಂದಾಳು, ಜಾಣೆ, ಪುಕ್ಕಲ, ತುಂಟ. 1969ರ ‘ಸ್ಕೂಬಿ-ಡೂ’ನಲ್ಲಿ ಫ್ರೆಡ್ ಯೋಜನೆ ಹಾಕುತ್ತಾನೆ, ವೆಲ್ಮಾ ಸುಳಿವು ಜೋಡಿಸುತ್ತಾಳೆ, ಶ್ಯಾಗಿ ಹೆದರಿ ಓಡುತ್ತಾನೆ.

ಪ್ರತಿ ಪಾತ್ರಕ್ಕೂ ಒಂದು ಆಸೆ, ಒಂದು ಭಯ ಬರೆದಿಡಿ. ಎರಡಕ್ಕೂ ಜಗಳ ಹತ್ತಬೇಕು. ಪುಕ್ಕಲನಿಗೆ ಕತ್ತಲೆಂದರೆ ಭಯ, ಅವನ ಗೊಂಬೆ ಬಿದ್ದಿರುವುದು ನೆಲಮಾಳಿಗೆಯಲ್ಲೇ. ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ಹಿಂದಕ್ಕೆಳೆದುಕೊಳ್ಳುತ್ತಾನಲ್ಲ, ಕಥೆ ಶುರುವಾಗುವುದು ಅಲ್ಲಿ. ಈ ಕ್ಷಣಕ್ಕೆ ಅವಸರ ಮಾಡಬೇಡಿ.

ಎಲ್ಲರನ್ನೂ ಬರೀ ಕಪ್ಪು ನೆರಳಾಗಿ ತುಂಬಿ ನೋಡಿ. ಇಬ್ಬರು ಒಂದೇ ಥರ ಕಂಡರೆ ಒಬ್ಬರನ್ನು ಮತ್ತೆ ಬಿಡಿಸಿ: ದುಂಡಗೆ, ಚೌಕಾಕಾರ, ಇಲ್ಲವೇ ಮೊನಚಾಗಿ.

ಹೆಚ್ಚಾಗಿ ಕೆಡುವುದು ಹೆಣ್ಣುಪಾತ್ರ. ತಂಡದಲ್ಲಿ ಒಬ್ಬಳೇ ಇದ್ದರೆ ‘ಹುಡುಗಿ’ ಅನ್ನುವುದೇ ಅವಳ ಗುಣವಾಗಿಬಿಡುತ್ತದೆ. ಇಬ್ಬರಾದರೂ ಇರಲಿ, ಒಬ್ಬಳು ತುಂಟಿಯಾಗಿರಲಿ.

11 ನಿಮಿಷದ ಕಂತಾದರೆ ಎರಡೇ ಪಾತ್ರಗಳನ್ನು ಮುಂದಿಡಿ.