ಆಕ್ಸಿಜನ್ ಸೆನ್ಸರ್ ತಗೊಳೋಕೆ ಮುಂಚೆ ಇಷ್ಟು ನೋಡ್ಕೊಳಿ

ಚೆಕ್ ಎಂಜಿನ್ ಲೈಟ್ ಹತ್ಕೊಂಡಿದೆ, ತುಮಕೂರು ಬಿಎಚ್ ರೋಡಲ್ಲಿ ಗ್ಯಾರೇಜಿನವ್ರು ಸ್ಕ್ಯಾನರ್ ಹಾಕಿ "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದ್ರು ಅಂದ್ಕೊಳಿ. ಸೈಲೆನ್ಸರ್ ಪೈಪಲ್ಲಿ ಕೂತು ಹೊಗೇಲಿ ಆಕ್ಸಿಜನ್ ಎಷ್ಟಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಸುದ್ದಿ ಕೊಡೋದೇ ಈ ಸೆನ್ಸರ್. ತಕ್ಷಣ ದುಡ್ಡು ತೆಗೀಬೇಡಿ, ಕೋಡ್ ನಂಬರ್ ಏನು ಬಂತು ಅಂತ ಕೇಳಿ ಬರ್ಕೊಳಿ. ಪಿ0135, ಪಿ0141 ಆದ್ರೆ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟ್ ಕಂಪ್ಲೇಂಟು, ಫ್ಯೂಸು ವೈರಿಂಗು ನೆಟ್ಟಗಿದ್ರೆ ಸೆನ್ಸರ್ ಬದಲಾಯಿಸೋದೇ ಸರಿ. ಆದ್ರೆ ಪಿ0171 ಬಂದ್ರೆ ಎಲ್ಲೋ ಗಾಳಿ ಲೀಕ್ ಇರ್ಬೋದು, ಪಿ0420 ಬಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಡಬ್ಬಿ) ಕಡೆನೂ ಸೈಲೆನ್ಸರ್ ಪೈಪ್ ಲೀಕ್ ಕಡೆನೂ ನೋಡ್ಬೇಕು, ಅಂಥ ಟೈಮಲ್ಲಿ ಸೆನ್ಸರ್ ಬದಲಾಯಿಸೋದು ಅಂದ್ರೆ ಸುದ್ದಿ ತಂದೋನಿಗೆ ಹೊಡ್ದಂಗೆ.

ಆಮೇಲೆ ಯಾವ ಸೆನ್ಸರ್ ಅನ್ನೋದು. ನಮ್ ಕಡೆ ಓಡೋ ಸಾಮಾನ್ಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡೀಲಿ ಹೆಚ್ಚಾಗಿ ಎರಡಿರುತ್ತೆ, ಕನ್ವರ್ಟರ್‌ಗಿಂತ ಮುಂಚೆ ಇರೋದು ಸೆನ್ಸರ್ 1, ಆಮೇಲಿರೋದು ಸೆನ್ಸರ್ 2. ನೋಡೋಕೆ ಅಣ್ಣತಮ್ಮ ತರ ಇದ್ರೂ ಕನೆಕ್ಟರ್ರು, ವೈರ್ ಉದ್ದ ಬೇರೆ ಇರುತ್ತೆ. ಇನ್ನು ಕೆಲವು ಗಾಡೀಲಿ ಮುಂದಿನದ್ದು ವೈಡ್‌ಬ್ಯಾಂಡ್, ಅಂದ್ರೆ ಗಾಳಿ-ಪೆಟ್ರೋಲ್ ಪ್ರಮಾಣ ಇನ್ನೂ ನಿಖರವಾಗಿ ಅಳೆಯೋ ಬಗೆ, ಅದ್ರ ಜಾಗಕ್ಕೆ ಮಾಮೂಲಿ ನಾಲ್ಕು ವೈರಿಂದು ಹಾಕಿದ್ರೆ ಕೆಲ್ಸಾನೇ ಮಾಡಲ್ಲ.

ಅಂಗಡಿಗೆ ಹೋಗಿ "ಸ್ವಿಫ್ಟ್‌ದು ಕೊಡಿ" ಅಂದ್ರೆ ಆಗಲ್ಲ ಸ್ವಾಮಿ, 2020ರ ಏಪ್ರಿಲ್ಲಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಒಂದೇ ಹೆಸರಿನ ಗಾಡಿಗೂ ಪಾರ್ಟ್ ಬೇರೆ ಆಗಿರ್ಬೋದು. ಹಳೇ ಸೆನ್ಸರ್ ಮೈಮೇಲೆ ನಂಬರ್ ಕೊರ್ದಿರ್ತಾರೆ, ಮಸಿ ಒರ್ಸಿ ಫೋಟೋ ತಗೊಳಿ. ಕಾಣ್ಲಿಲ್ವಾ, ಆರ್‌ಸಿಲಿರೋ ಛಾಸಿ ನಂಬರ್ ಕೊಟ್ರೆ ಕಂಪನಿ ಪಾರ್ಟ್ಸ್ ಕೌಂಟರಲ್ಲೇ ಹುಡುಕಿ ಹೇಳ್ತಾರೆ.

ತುಮಕೂರಲ್ಲಿ ಸ್ಟಾಕ್ ಇಲ್ಲ ಅಂದ್ರೆ ಆರ್ಡರ್ ಹಾಕ್ಸಿ, ಇಲ್ಲಾಂದ್ರೆ ಬೆಂಗಳೂರು ಜೆಸಿ ರೋಡ್ ಇದ್ದೇ ಇದೆ. ಬಾಷ್, ಡೆನ್ಸೊ, ಎನ್‌ಟಿಕೆ ಈ ಕಂಪನಿಗಳಲ್ಲಿ ನಿಮ್ಮ ಗಾಡಿಗೆ ಮೊದ್ಲಿಂದ ಯಾವ್ದು ಬಂದಿತ್ತೋ ಅದನ್ನೇ ತಗೊಳಿ. ಸೆಕೆಂಡ್‌ಹ್ಯಾಂಡ್ ಅಂತೂ ಬೇಡ, ಒಳಗೆಷ್ಟು ಸವೆದಿದೆ ಅಂತ ಕಣ್ಣಿಗೆ ಕಾಣಲ್ಲ. ಹೊಸದು ಅಂತ ಕೊಟ್ಟಿದ್ರ ತುದೀಲಿ ಮಸಿ ಇದ್ರೂ, ಥ್ರೆಡ್ಡಲ್ಲಿ ಸ್ಪ್ಯಾನರ್ ಬಿದ್ದ ಗುರುತಿದ್ರೂ ಅಲ್ಲೇ ವಾಪಸ್ ಇಟ್ಬಿಡಿ.

ಯೂನಿವರ್ಸಲ್ ಅಂತ ಕನೆಕ್ಟರ್ ಇಲ್ದೆ ಬರೋದು ಅಗ್ಗಕ್ಕೆ ಸಿಗುತ್ತೆ, ಹಳೇ ಕನೆಕ್ಟರ್ ಕಟ್ ಮಾಡಿ ಜೋಡಿಸ್ಬೇಕು. ನಾನಂತೂ ಬೇಡ ಅಂತೀನಿ. ಹಾಕ್ಲೇಬೇಕು ಅಂದ್ರೆ ಬಾಕ್ಸಲ್ಲಿ ಬಂದಿರೋ ಕ್ರಿಂಪಲ್ಲೇ (ಒತ್ತಿ ಹಿಡ್ಸೋ ಕ್ಲಿಪ್) ಜೋಡಿಸಿ, ಸೋಲ್ಡರ್ ಬೇಡ, ಯಾಕಂದ್ರೆ ಸುಮಾರು ಸೆನ್ಸರ್‌ಗಳು ಹೊರಗಿನ ಗಾಳೀನ ಆ ವೈರ್ ಒಳಗಿಂದಾನೇ ಎಳ್ಕೊಳೋದು, ಸೋಲ್ಡರ್ ಹೋಗಿ ಕೂತ್ರೆ ದಾರಿ ಮುಚ್ಚಿಹೋಗುತ್ತೆ.

ಬಿಚ್ಚೋಕೆ 22ರ ಸ್ಪ್ಯಾನರ್, ಎಂಜಿನ್ ಸ್ವಲ್ಪ ಬೆಚ್ಚಗಿರೋವಾಗ ಸಲೀಸು. ಥ್ರೆಡ್‌ಗೆ ಆಂಟಿಸೀಜ್ (ಥ್ರೆಡ್ ಕಚ್ಕೊಳ್ದಂಗೆ ಹಚ್ಚೋ ಪೇಸ್ಟ್) ಸಾಮಾನ್ಯವಾಗಿ ಹಚ್ಚೇ ಬಂದಿರುತ್ತೆ, ತುದಿಗೆ ಮಾತ್ರ ತಾಗಿಸ್ಬೇಡಿ, ಅಕ್ಕಪಕ್ಕ ಸಿಲಿಕಾನ್ ಸೀಲೆಂಟ್ ಬಳಿಯೋಕೂ ಬಿಡ್ಬೇಡಿ. ಕೋಡ್ ಕ್ಲಿಯರ್ ಮಾಡ್ಸಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬನ್ನಿ, ಅಷ್ಟಕ್ಕೆ ಲೈಟ್ ಬರ್ಲಿಲ್ಲ ಅಂತ ಖುಷಿಪಡೋ ಹಾಗೂ ಇಲ್ಲ, ಕೆಲವು ಕೋಡ್ ತಿರ್ಗಾ ಬರೋಕೆ ಎರಡ್ಮೂರು ದಿನ ಓಡಿಸ್ಬೇಕು, ಅಲ್ಲಿವರ್ಗೂ ಬಿಲ್ಲು, ಬಾಕ್ಸು, ಹಳೇ ಸೆನ್ಸರ್ರು ಯಾವ್ದನ್ನೂ ಬಿಸಾಕ್ಬೇಡಿ.